ಕುರ್ಚಿಯ ಹಿಂದೆ

"ತಾತಾ, ಇದನ್ನ ಹಾಕ್ಕೊಂಡ್ಮೇಲೆ ಎದ್ದು ಓಡಾಡ್ಬೇಡಿ. ಗೋಡೆಗೆ ಹಣೆ ಚಚ್ಕೊಳ್ತೀರ," ಎಂದಳು ಮುಂದಿನ ಸಾಲಿನ ಜುಟ್ಟಿನ ಹುಡುಗಿ. ತರಗತಿ ನಕ್ಕಿತು. ಅಪ್ಪನೂ ನಕ್ಕರು. ಇತಿಹಾಸದ ಮೇಡಂ ಆ ದಪ್ಪ ಕಪ್ಪು ಕನ್ನಡಕವನ್ನು ತನ್ನ ಅಪ್ಪನ ತಲೆಗೆ ಕಟ್ಟಿ ಪಟ್ಟಿ ಬಿಗಿ ಮಾಡಿದಳು.

ಅವರನ್ನು ಶಾಲೆಗೆ ಕರೆತಂದವಳು ಅವಳೇ. ಒಂದು ಕಾಲದಲ್ಲಿ ಈ ಊರಿನ ಹೋಟೆಲುಗಳಲ್ಲಿ ಹೊಳೆಯಾಚೆಯವರು ಕೂತು ತಿನ್ನುವಂತಿರಲಿಲ್ಲ. ಹಿಂಬಾಗಿಲಲ್ಲಿ ನಿಂತು ಪೊಟ್ಟಣ ಇಸಿದುಕೊಳ್ಳಬೇಕಿತ್ತು. ಒಂದು ಬೆಳಿಗ್ಗೆ ಹೊಳೆಯಾಚೆಯ ಕಾಲೇಜು ಹುಡುಗ ಹುಡುಗಿಯರು ಪೇಟೆಯ ದೊಡ್ಡ ಹೋಟೆಲಿಗೆ ಹೋಗಿ ಸುಮ್ಮನೆ ಕೂತುಬಿಟ್ಟರು. ಬೈದರೂ ಏಳಲಿಲ್ಲ, ತಲೆಯ ಮೇಲೆ ಬಿಸಿ ಚಹಾ ಸುರಿದರೂ ಏಳಲಿಲ್ಲ. ಆಮೇಲೆ ಕಾನೂನೇ ಬದಲಾಯಿತು. ಆ ಬೆಳಿಗ್ಗೆಯನ್ನು ಈಗ ಕನ್ನಡಕದೊಳಗೆ ಕಣ್ಣಿಗೆ ಕಟ್ಟುವಂತೆ ಮಾಡಿಟ್ಟಿದ್ದರು. ಹಾಕಿಕೊಂಡವರು ಆ ಹೋಟೆಲಿನ ನಡುವೆಯೇ ಇರುತ್ತಿದ್ದರು.

"ನಾನೂ ಅವತ್ತು ಅಲ್ಲಿದ್ದೆ," ಎಂದು ಅಪ್ಪ ಅವಳ ಬಾಲ್ಯದಿಂದ ಹೇಳುತ್ತ ಬಂದಿದ್ದರು. ಪೇಟೆಯವರಾದರೂ ಆ ಹುಡುಗರ ಜೊತೆ ಕೂತವರು ತನ್ನಪ್ಪ ಎಂಬ ಹೆಮ್ಮೆಯಲ್ಲೇ ಅವಳು ಇತಿಹಾಸ ಓದಿದ್ದಳು.

ಪರದೆ ಎಳೆದು ದೀಪ ಆರಿಸಿದಳು. ಸೌಂಡು ಕೆಟ್ಟಿದ್ದರಿಂದ ಬರೀ ಚಿತ್ರ. ಮಕ್ಕಳೂ ಕನ್ನಡಕ ಹಾಕಿಕೊಂಡು, ಕಣ್ಣು ಕಟ್ಟಿದ ಬೊಂಬೆಗಳಂತೆ ಕೂತಿದ್ದರು. ಆಗೊಮ್ಮೆ ಈಗೊಮ್ಮೆ ಯಾರಾದರೂ ಏಟು ತಪ್ಪಿಸಿಕೊಳ್ಳುವಂತೆ ಭುಜ ಕುಗ್ಗಿಸುತ್ತಿದ್ದರು.

ಅಪ್ಪ ಎದ್ದರು. ಮೆಟ್ಟಿಲಿಳಿಯಲೂ ಇನ್ನೊಬ್ಬರ ಕೈ ಹಿಡಿಯುವ ಮನುಷ್ಯ, ಆ ಕತ್ತಲಲ್ಲಿ ತಡವರಿಸದೆ ನಡೆದು ಜುಟ್ಟಿನ ಹುಡುಗಿಯ ಕುರ್ಚಿಯ ಹಿಂದೆ ನಿಂತರು. ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿ ತಂದರು.

"ಏಳು. ನಿಮ್ಮಪ್ಪ ಕೂತ ಕುರ್ಚಿ ಅಲ್ಲ ಇದು. ಏಳು."

ಆ ದನಿಯನ್ನು ಮಗಳು ಎಂದೂ ಕೇಳಿರಲಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ಎಳೆಯದಾಗಿತ್ತು, ಚೇಷ್ಟೆ ಮಾಡುವಂತಿತ್ತು. ಅಪ್ಪನ ಬಲಗೈ ಮೇಲೆದ್ದಿತು. ಬೆರಳುಗಳು ಲೋಟ ಹಿಡಿದಂತೆ ದುಂಡಗಾಗಿ ಹುಡುಗಿಯ ನೆತ್ತಿಯ ಮೇಲೆ ನಿಧಾನ ವಾಲತೊಡಗಿದವು.

ಮೇಡಂ ಓಡಿಬಂದು ಆ ಬರಿಗೈಯ ಕೆಳಗೆ ತನ್ನ ಅಂಗೈ ಒಡ್ಡಿದಳು. ಏನೂ ಬೀಳಲಿಲ್ಲ. ಆದರೂ ಅಂಗೈ ಹಿಂತೆಗೆಯಲು ಧೈರ್ಯ ಬರಲಿಲ್ಲ.

ದೀಪ ಹಾಕಿದಾಗ ಅಪ್ಪ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದರು.

"ಮೇಡಂ, ಸೌಂಡು ಕೆಟ್ಟಿದೆ ಅಂದ್ರಲ್ಲ," ಎಂದಳು ಹುಡುಗಿ. ಕಿವಿ ಕೆಂಪಾಗಿತ್ತು, ಅದನ್ನೇ ಉಜ್ಜುತ್ತಿದ್ದಳು. "ನಂಗೆ ಕೇಳಿಸ್ತು. ಯಾರೋ ಉಸಿರಾಡಿದ್ದೂ ಗೊತ್ತಾಯ್ತು." ಕಿವಿಯಿಂದ ಕೈ ತೆಗೆದು, "ಆದ್ರೆ ನಾನು ಏಳ್ಲಿಲ್ಲ," ಎಂದಳು.

ವರಾಂಡದಲ್ಲಿ ಮಗಳು ಕೇಳಿದಳು: "ಅವತ್ತು ಏನು ಮಾಡಿದ್ರಿ ಅಪ್ಪ?"

ಅವರು ಎಂದಿನ ಮೆದು ಮುಖದಲ್ಲೇ ಅವಳನ್ನು ನೋಡಿದರು. "ಅಲ್ಲಿದ್ದೆ ಅಂತ ಹೇಳಿದ್ನಲ್ಲ ಪುಟ್ಟಿ. ಯಾವತ್ತಾದ್ರೂ ಕೂತಿದ್ದೆ ಅಂದಿದ್ನಾ?"

ಮುಂದಿನ ತರಗತಿಯ ಮಕ್ಕಳು ಬಾಗಿಲಲ್ಲಿ ಗುಂಪುಗೂಡಿದ್ದರು. "ನಿಮ್ಮ ತಂದೆಯವರು ಇವರ ಜೊತೇನೂ ಇರ್ಲಿ," ಎಂದರು ಹೆಡ್‌ಮಾಸ್ಟರು.

"ಬೇಡ ಸರ್."

ಅಪ್ಪನನ್ನು ಆಟೋ ಹತ್ತಿಸಿ ಬಂದು ಅವಳು ಕುರ್ಚಿಗಳನ್ನು ಒಂದೊಂದಾಗಿ ಎಳೆಯತೊಡಗಿದಳು. ಯಾಕೆಂದು ಮಕ್ಕಳು ಕೇಳಿದರು, ಅವಳು ಮುಂದಿನ ಕುರ್ಚಿಗೆ ಕೈ ಹಾಕಿದಳು. ಕೊನೆಗೆ ಎಲ್ಲ ಕುರ್ಚಿಗಳ ಬೆನ್ನೂ ಗೋಡೆಗೆ ಅಂಟಿ ನಿಂತವು. ಹಿಂದೆ ಕೈ ತೂರಿಸುವಷ್ಟೂ ಜಾಗ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಅವಳು ಪರದೆ ಎಳೆದಳು.