ಎರಡನೇ ಗೆರೆಯ ದನಿ

ಗಿಟಾರಿನವನು ಆಂಪ್ಲಿಫೈಯರನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಸ್ಕ್ರೂಗಳ ಡಬ್ಬಿ ಮಗುಚಿ ಬಿತ್ತು. ಅಂಗಡಿಯ ಹುಡುಗಿ ಬಗ್ಗಿ ಒಂದೊಂದಾಗಿ ಹೆಕ್ಕಿದಳು.

"ನಿಮ್ಮ ಚಿಕ್ಕಪ್ಪ ಇಲ್ವಾ?"

"ಕಣ್ಣಿನ ಆಪರೇಷನ್ ಆಗಿದೆ. ಒಂದು ತಿಂಗಳು ಬರಲ್ಲ."

"ಹಾಗಾದ್ರೆ ನೀವೇ ನೋಡ್ಬೇಕು. ಇದು ಕಿವಿ ಕೊಯ್ಯುತ್ತೆ ಕಣ್ರೀ. ತಂಡದಲ್ಲಿ ನಂಗೆ ಗರಗಸ ಅಂತಾನೇ ಹೆಸರಿಟ್ಟಿದಾರೆ. ಶನಿವಾರದ ಪ್ರೋಗ್ರಾಮಲ್ಲೂ ಹೀಗೇ ಆದ್ರೆ ಬೇರೆಯವನನ್ನ ಹಾಕ್ಕೋತೀನಿ ಅಂತ ಹಾಡೋ ಅಕ್ಕ ಹೇಳಿಬಿಟ್ಟಿದಾರೆ."

ಅವಳು ತಲೆಯಾಡಿಸಿದಳು. ಶಾಲೆ ಬಿಟ್ಟು ಚಿಕ್ಕಪ್ಪನ ರಿಪೇರಿ ಅಂಗಡಿ ಸೇರಿ ಆರು ವರ್ಷವಾಗಿತ್ತು. ಗಿರಾಕಿಯೊಬ್ಬ ಅವಳ ಕಡೆ ತಿರುಗಿ 'ನೀವೇ' ಅಂದದ್ದು ಇದೇ ಮೊದಲು.

ಅದು ವಾಲ್ವ್ ಹಾಕಿದ ಹಳೆಯ ಆಂಪ್. ಹಿಂದಿನ ತಗಡು ಬಿಚ್ಚಿ ಆನ್ ಮಾಡಿದರೆ ಗಾಜಿನ ವಾಲ್ವುಗಳೊಳಗೆ ಮೆಲ್ಲಗೆ ಕೆಂಡದ ಬಣ್ಣ ಏರುತ್ತಿತ್ತು. ಚೂಪು ಸ್ವರಗಳನ್ನು ತಗ್ಗಿಸಲು, ಎರಡನೇ ವಾಲ್ವಿನ ಬಳಿ ಉಗುರಿನಷ್ಟು ದೊಡ್ಡ ಕೆಪ್ಯಾಸಿಟರೊಂದನ್ನು ಬೆಸೆದಳು. ಅಂಗಡಿಯ ಗಿಟಾರಿನ ತಂತಿ ಮೀಟಿ ಕೇಳಿದಳು. ಸಾಲದು. ಅದರ ಪಕ್ಕಕ್ಕೇ ಇನ್ನೊಂದು ಸೇರಿಸಿದಳು. ವಾಲ್ಯೂಮ್ ಎರಡನೇ ಗೆರೆ ದಾಟುವಂತಿರಲಿಲ್ಲ. ದಾಟಿದರೆ ಪಕ್ಕದ ದರ್ಜಿ ಕತ್ತರಿಯಿಂದ ಗೋಡೆ ಕುಟ್ಟುತ್ತಿದ್ದ.

ಮೂರನೇ ದಿನ ಅವಳಿಗೆ ಬೇಕಿದ್ದ ದನಿ ಬಂತು. ಪಕ್ಕದಲ್ಲೇ ಕೂತ ಯಾರೋ ತಗ್ಗಿದ ಗಂಟಲಲ್ಲಿ ಮಾತಾಡಿಸಿದ ಹಾಗಿತ್ತು. ಅವಳಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೂ ಅಂದು ಮಧ್ಯಾಹ್ನ ಬುತ್ತಿ ಬಿಚ್ಚಿ, ಎಡಗೈಯಲ್ಲಿ ತಂತಿ ಮೀಟುತ್ತಾ ಉಂಡಳು. ಅಂಗಡಿಯಲ್ಲಿ ಇಬ್ಬರು ಕೂತು ಉಂಡಂತಾಯಿತು.

ಶುಕ್ರವಾರ ಅವನು ಬಂದು, ಸ್ಪೀಕರಿಗೆ ಕಿವಿ ಹಚ್ಚಿ ಮೀಟಿದ. "ಅಬ್ಬಾ! ಬೆಣ್ಣೆ ಕಣ್ರೀ, ಬೆಣ್ಣೆ! ನಾಳೆ ನೀವು ಬರ್ಲೇಬೇಕು."

ಹೋದಳು. ಸಭಾಂಗಣದ ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕದ ಕುರ್ಚಿ ಹಿಡಿದಳು.

ಡ್ರಮ್ ಮೊಳಗಿತು, ಕೀಬೋರ್ಡ್ ಸೇರಿತು, ಅಕ್ಕ ಹಾಡತೊಡಗಿದಳು. ಗಿಟಾರಿನವನ ಬೆರಳುಗಳು ಓಡಾಡುತ್ತಿದ್ದವು, ದನಿ ಮಾತ್ರ ಇಲ್ಲ. ಅವನು ವಾಲ್ಯೂಮ್ ತಿರುಗಿಸಿದ. ಬಾಯಿಗೆ ಬಟ್ಟೆ ತುರುಕಿದವನ ಗೊಣಗಾಟದಂಥದ್ದೇನೋ ಬಂತು.

"ಅವನ ವೈರ್ ಸಿಕ್ಕಿಸಿದೀರೇನ್ರೋ?" ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಡ್ರಮ್ಮಿನವನೂ ಬಿಡಲಿಲ್ಲ. "ಏನೋ ಗರಗಸ, ಹಲ್ಲೆಲ್ಲ ಉದುರಿ ಹೋಯ್ತಾ?"

ಅವಳಿಗೆ ತನ್ನ ತಪ್ಪು ಥಟ್ಟನೆ ತಿಳಿಯಿತು. ಅಷ್ಟು ದಿನವೂ ಬಾಗಿಲು ಮುಚ್ಚಿಕೊಂಡು, ಎರಡನೇ ಗೆರೆಯಲ್ಲಿ, ಒಬ್ಬಳೇ ಕೂತು ಕೇಳಿದ್ದಳು. ನಾಲ್ಕು ಜನರ ನಡುವೆ ಆ ದನಿ ಏನಾದೀತು ಎಂದು ಯೋಚಿಸಿರಲೇ ಇಲ್ಲ. ನಾಲ್ಕು ಜನರ ನಡುವೆ ಅವಳು ಕೂತದ್ದಾದರೂ ಯಾವಾಗ?

ಮಧ್ಯಂತರ ಹತ್ತೇ ನಿಮಿಷ. ಅವಳು ವೇದಿಕೆಯ ಹಿಂದಕ್ಕೆ ಓಡಿದಾಗ ಗಿಟಾರಿನವನು ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಆಗಲೇ ಯಾರಿಗೋ ಫೋನ್ ಹಚ್ಚುತ್ತಿದ್ದಳು.

"ತಪ್ಪು ನನ್ನದು, ಅವರದಲ್ಲ. ಐದು ನಿಮಿಷ ಕೊಡಿ ಅಕ್ಕ."

ಎಲ್ಲರೂ ತಿರುಗಿ ನೋಡಿದರು. "ನೀನ್ಯಾರಮ್ಮ?"

"ರಿಪೇರಿಯವಳು."

ಆಗಲೇ ಚೀಲದಿಂದ ಕಟ್ಟರ್, ಮೀಟರ್ ತೆಗೆದಿದ್ದಳು. ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟನ್ನು ಇಳಿಸಿ, ಮೀಟರಿನ ಮುಳ್ಳು ಸೊನ್ನೆಗೆ ಬರುವ ತನಕ ಕಾದಳು. ಕಾದ ವಾಲ್ವ್ ಮಣಿಕಟ್ಟಿಗೆ ತಗುಲಿ ಚುರ್ ಅಂದಿತು. ಕೈ ಹಿಂದೆಗೆಯಲಿಲ್ಲ. ಚೂಪು ಅರ್ಧದಷ್ಟಾದರೂ ಮರಳಲೆಂದು, ತಾನು ಬೆಸೆದ ಎರಡು ಕೆಪ್ಯಾಸಿಟರುಗಳಲ್ಲಿ ಒಂದರ ಕಾಲನ್ನು ಕಟ್ ಎಂದು ಕತ್ತರಿಸಿದಳು.

"ಇಷ್ಟೇನಾ?" ಎಂದ ಗಿಟಾರಿನವನು.

"ಇಷ್ಟೇ. ನುಡಿಸಿ."

ಮುಂದಿನ ಹಾಡಿಗೆ ಅವನ ಸ್ವರ ಡ್ರಮ್ಮಿನ ಮೇಲಿಂದ, ಕೀಬೋರ್ಡಿನ ಸಂದಿಯಿಂದ ದಾರಿ ಮಾಡಿಕೊಂಡು ಬಂತು. ಕೊಯ್ಯಲಿಲ್ಲ, ಅಡಗಲೂ ಇಲ್ಲ. ಅಕ್ಕ ಹಾಡುತ್ತಲೇ ಅವನ ಕಡೆ ತಿರುಗಿ ನಕ್ಕಳು. ಡ್ರಮ್ಮಿನವನು ಕೋಲೆತ್ತಿ ಸಲಾಮು ಹೊಡೆದ.

ಅವಳು ಪರದೆಯ ಪಕ್ಕದಲ್ಲಿ ನಿಂತು ಕೇಳಿದಳು. ಚೆನ್ನಾಗಿಯೇ ಇತ್ತು. ಆದರೆ ತನ್ನೊಡನೆ ಕೂತು ಉಂಡಿದ್ದ ದನಿ ಅದಲ್ಲ. ಅದಿನ್ನು ಯಾವ ಆಂಪಿನಲ್ಲೂ ಇರಲಿಲ್ಲ.

ಹಾಡು ಮುಗಿಯುವ ಮೊದಲೇ ಚೀಲ ಹೆಗಲಿಗೇರಿಸಿ ಹೊರಟಳು. ಬಾಗಿಲಲ್ಲಿ ಟಿಕೆಟ್ ಹರಿಯುವವನು, "ಈಗ ತಾನೇ ಕಳೆ ಕಟ್ತಿದೆ, ಎಲ್ಲಿಗಮ್ಮ?" ಎಂದ.

"ಗಿಟಾರು ಕೇಳಿಸ್ತಿದೆಯಲ್ಲ, ಸಾಕು," ಎಂದು ಬೀದಿಗಿಳಿದಳು.