ಕಿವಿಯ ಹಿಂದಿನ ಪೆಟ್ಟು

ಮಕ್ಬೂಲ ಉಸ್ತಾದನಿಗೆ ನಾಟಕದ ಗಂಧಗಾಳಿ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಲಾಠಿಯೊಂದೇ. ಬೀದರಿನ ಹಳೇ ಪೇಟೆಯ ಗಲ್ಲಿಯಲ್ಲಿ ಅವನದೊಂದು ಗರಡಿ ಇತ್ತು. ಪೊಲೀಸ್ ಆ್ಯಕ್ಷನ್ ಆದ ವರ್ಷ ಅದರ ಬಾಗಿಲು ಹಾಕಿದವನು ಮತ್ತೆ ತೆರೆದಾಗ, ಮೊದಲಿನ ಹುಡುಗರಲ್ಲಿ ಕೆಲವರು ಸತ್ತಿದ್ದರು, ಕೆಲವರು ಊರು ಬಿಟ್ಟಿದ್ದರು, ಉಳಿದವರಿಗೆ ಲಾಠಿ ಮುಟ್ಟುವ ಮನಸ್ಸಿರಲಿಲ್ಲ. ಎಂಟು ವರ್ಷ ಒಬ್ಬನೇ ಕಸ ಹೊಡೆದು, ಒಬ್ಬನೇ ಮಣ್ಣು ತಿರುವಿ ಹಾಕಿದ. ಅದಕ್ಕೇ ಡ್ರಾಯಿಂಗ್ ಮಾಸ್ತರ ದತ್ತಾತ್ರಿ ಬಂದು, ತಮ್ಮ ಶಾಲೆಯ ಹನ್ನೆರಡು ಹುಡುಗರಿಗೆ ಲಾಠಿ ಕಲಿಸಬೇಕೆಂದು ಕೇಳಿದಾಗ ಉಸ್ತಾದ ಒಳಗೊಳಗೇ ಹಿಗ್ಗಿದ. ಹಿಗ್ಗಿದವನು ಕೇಳಬೇಕಾದ್ದನ್ನೆಲ್ಲ ಕೇಳುವುದಿಲ್ಲ.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ತಿಂಗಳು. ಶಾಲೆಯ ಬೋರ್ಡಿನ ಮೇಲೆ ಉರ್ದು ಅಳಿಸಿ ಕನ್ನಡ ಬರೆದರು. ಅದರ ಮೇಲೆ ಮರಾಠಿ ವರ್ಗದ ಹುಡುಗರು ಡಾಂಬರು ಬಳಿದರು. ಮರುದಿನ ಗೇಟಿನ ಮುಂದೆಯೇ ಹೊಡೆದಾಟ. ಕನ್ನಡ ವರ್ಗದ ಹಾವಗೆಪ್ಪ ಎಂಬ ಭಾಲ್ಕಿಯವನು ಸೈಕಲ್ ಚೈನು ಬೀಸಿ, ಮರಾಠಿ ವರ್ಗದ ಔರಾದದ ನರಸಿಂಗನ ಮುಂದಿನ ಎರಡು ಹಲ್ಲು ಉದುರಿಸಿದ. ಇನ್ನೊಬ್ಬ ಹುಡುಗನನ್ನು ನೆಲಕ್ಕೆ ಕೆಡವಿ, ತೋಳಿನ ಮೇಲೆ ಹತ್ತಿ ಕುಣಿದು ಮುರಿದರು. ಎಲ್ಲರೂ ಮೀಸೆ ಚಿಗುರುತ್ತಿದ್ದ ಮೆಟ್ರಿಕ್ ವರ್ಗದವರು.

ದತ್ತಾತ್ರಿ ಮಾಸ್ತರ ಒಳ್ಳೆಯ ಮನುಷ್ಯ. ಇದಕ್ಕೆ ಬೆತ್ತ ಮದ್ದಲ್ಲ, ನಾಟಕವೇ ಮದ್ದು ಎಂದು ಹೊರಟವನು. ವಿಲಾಯತಿಯ ಹಳೆಯ ನಾಟಕವೊಂದನ್ನು ತೆಗೆದುಕೊಂಡು ಬೀದರಿನ ಗಲ್ಲಿಗೆ ತಂದು ನಿಲ್ಲಿಸಿದ. ಹಗೆ ಸಾಧಿಸುವ ಎರಡು ಮನೆತನ. ಒಂದು ಮನೆಯವರು ಕನ್ನಡ ಆಡುತ್ತಾರೆ, ಇನ್ನೊಂದು ಮನೆಯವರು ಮರಾಠಿ. ತಲವಾರಿನ ಬದಲು ಲಾಠಿ. ನಡುವೆ ಎಳೆಯ ಜೀವಗಳು ಹೋಗುತ್ತವೆ, ಕೊನೆಗೆ ಹೆಣದ ಮುಂದೆ ಇಬ್ಬರು ಅಪ್ಪಂದಿರು ಕೈ ಹಿಡಿಯುತ್ತಾರೆ. ಬೀದರ, ಭಾಲ್ಕಿ, ಔರಾದ, ಮೂರೂ ಕಡೆ ಆಡಿಸುವುದೆಂದು ಗೊತ್ತಾಯಿತು. ನಾಟಕದಲ್ಲಿ ಲಾಠಿ ಹಿಡಿದು ಕಾದುವ ಇಬ್ಬರು ಯಾರೆಂದು ಉಸ್ತಾದ ವಿಚಾರಿಸಿದ. ಹಾವಗೆಪ್ಪ, ನರಸಿಂಗ ಅಂದ ಮಾಸ್ತರ.

"ಹಲ್ಲ ಮುರದಾಂವ್ನ, ಮುರಸ್ಕೊಂಡಾಂವ್ನ ಎದುರಾಬದುರಾ ನಿಂದರಸ್ತೀರಿ?" ಎಂದ ಉಸ್ತಾದ. "ಅವ್ರ ಕೈಯಾಗ ಲಾಠಿ ಬ್ಯಾರೆ ಕೊಡ್ತೀರಿ."

"ಹೊಟ್ಟ್ಯಾಗಿನ ಬೆಂಕಿ ಸ್ಟೇಜಿನ ಮ್ಯಾಲ ಹೊರಗ ಬರ್ಲಿ, ಉಸ್ತಾದ್‌ರ. ಸುಳ್ಳ ಹೊಡದಾಡಿ ಹೊಡದಾಡಿ ಖರೇ ಹೊಡದಾಟ ಮರೀತಾರ."

ಓದಿದವರ ಮಾತು, ಇದ್ದರೂ ಇದ್ದೀತು ಅಂದುಕೊಂಡ ಉಸ್ತಾದ.

ಅವನ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದವನು ಒಂದು ವರ್ಷ ತನ್ನ ಎದುರಾಳಿಯ ಮೈಗೆ ದಿನಾ ಎಣ್ಣೆ ತಿಕ್ಕಬೇಕು. ಯಾವ ಎಲುಬು ಎಲ್ಲಿದೆ, ಹಳೆಯ ನೋವು ಎಲ್ಲಿದೆ, ಎಲ್ಲಿ ಮುಟ್ಟಿದರೆ ಅವನು ಹಲ್ಲು ಕಚ್ಚುತ್ತಾನೆ ಎಂಬುದೆಲ್ಲ ಕೈಗೆ ತಿಳಿಯಬೇಕು. ಹಾಗೆ ತಿಕ್ಕಿದ ಕೈ ಅವನ ಮೇಲೆ ಏಳುವಾಗ ತಾನಾಗಿ ಹಗುರಾಗುತ್ತದೆ. ವರ್ಷ ತುಂಬಿದ ಮೇಲೆಯೇ ಉಸ್ತಾದ ಏಳು ಜಾಗಗಳನ್ನು ಬೆರಳಿಟ್ಟು ತೋರಿಸುತ್ತಿದ್ದ: ಇಲ್ಲಿ ಸಾವಿದೆ, ಇಲ್ಲಿಗೆ ನಿನ್ನ ಲಾಠಿ ಹೋಗಕೂಡದು.

ನಾಟಕಕ್ಕೆ ಉಳಿದದ್ದು ಆರೇ ವಾರ. ಎಣ್ಣೆ ತಿಕ್ಕುವ ಮಾತೆತ್ತಿದ್ದಕ್ಕೆ ಹುಡುಗರು ನಕ್ಕರು. ಉಸ್ತಾದನೂ ಬಿಟ್ಟುಬಿಟ್ಟ. ಆದರೆ ತಪ್ಪಿ ಬಿದ್ದೀತೆಂಬ ಹೆದರಿಕೆಗೆ ಏಳು ಜಾಗಗಳನ್ನು ಮಾತ್ರ ಮೂರನೆಯ ವಾರವೇ ತೋರಿಸಿದ. ನರಸಿಂಗ ಎರಡು ಸಲ ಕೇಳಿ ತಿಳಿದುಕೊಂಡ. ಎಷ್ಟು ಶ್ರದ್ಧೆಯ ಹುಡುಗ ಎಂದು ಉಸ್ತಾದ ಅವತ್ತು ಮಾಸ್ತರನ ಮುಂದೆ ಹೊಗಳಿದ್ದ.

ಬೀದರಿನಲ್ಲಿ ಆಟ ಚೆನ್ನಾಗಿ ನಡೆಯಿತು, ದೊಡ್ಡವರು ಕಣ್ಣೊರೆಸಿಕೊಂಡರು. ಭಾಲ್ಕಿಯಲ್ಲಿ ಕೆಟ್ಟಿತು. ನಾಟಕದ ಪ್ರಕಾರ ನರಸಿಂಗನ ಪೆಟ್ಟಿಗೆ ಹಾವಗೆಪ್ಪ ಬೀಳಬೇಕು. ತನ್ನ ಊರಿನ ಜನರ ಮುಂದೆ ಬೀಳಲು ಅವನಿಗೆ ಮನಸ್ಸಾಗಲಿಲ್ಲ. ನರಸಿಂಗನ ಮೊಣಕಾಲಿಗೆ ಖರೇನೇ ಒಂದು ಬಿಗಿದು, ಅವನು ಕುಸಿದಾಗ ಜನರತ್ತ ತಿರುಗಿ, "ರೊಟ್ಟಿ ಕಡೀಲಿಕ್ಕ ಬರ್ದ ಬೊಕ್ಕಬಾಯಿ, ನನಗೇನ ಹೊಡೀತೀಯೋ?" ಎಂದ. ಜನ ಸೀಟಿ ಹೊಡೆದರು. ಹಾವಗೆಪ್ಪನ ಸೋದರಮಾವ ಮಡೆಪ್ಪ ಬೆಂಚಿನ ಮೇಲೆ ಹತ್ತಿ ರುಮಾಲು ಬೀಸಿದ. ಉಸ್ತಾದ ಪರದೆಯ ಹಿಂದಿನಿಂದ ಮೂರು ಸಲ ಗದರಿದ ಮೇಲೆ ಹಾವಗೆಪ್ಪ ನಗುನಗುತ್ತ ಬಿದ್ದ. ಔರಾದಕ್ಕೆ ಹೋಗುವುದು ಬೇಡವೆಂದು ಉಸ್ತಾದ ಹೇಳಿದ. ಕರಪತ್ರ ಹಂಚಿ ಆಗಿದೆ ಎಂದ ಮಾಸ್ತರ.

ಔರಾದದಲ್ಲಿ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಅಂಗಳದಲ್ಲಿ ಆಟ. ಮಡೆಪ್ಪ ಹತ್ತಾರು ಭಾಲ್ಕಿಯ ಹುಡುಗರನ್ನು ಕಟ್ಟಿಕೊಂಡು ಬಂದು ಎಡಗಡೆ ಕೂತಿದ್ದ. ಲಾಠಿಯ ಸೀನು ಬಂತು. ಮೊದಲ ನಾಲ್ಕು ಪೆಟ್ಟು ಕಲಿಸಿದ ಹಾಗೆಯೇ ಬಿದ್ದವು. ಐದನೆಯದಕ್ಕೆ ಹಾವಗೆಪ್ಪ ಬಲಕ್ಕೆ ತಿರುಗಬೇಕು, ನರಸಿಂಗನ ಲಾಠಿ ಅವನ ಹೆಗಲ ಮೇಲಿಂದ ಗಾಳಿಯಲ್ಲಿ ಹೋಗಬೇಕು. ಹಾವಗೆಪ್ಪ ತಿರುಗಿದ. ನರಸಿಂಗ ಅರ್ಧ ಹೆಜ್ಜೆ ಒಳಗೆ ಕಾಲಿಟ್ಟ. ಲಾಠಿ ಕಿವಿಯ ಹಿಂದೆ ಬಿತ್ತು.

ಸಪ್ಪಳ ದೊಡ್ಡದೇನಲ್ಲ, ಹಸಿ ಕಟ್ಟಿಗೆ ಮುರಿದ ಹಾಗೆ. ಹಾವಗೆಪ್ಪ ಮೊಣಕಾಲೂರದೆ ನೆಟ್ಟಗೆ ಬಿದ್ದ. ಔರಾದದ ಜನ ಚಪ್ಪಾಳೆ ತಟ್ಟಿದರು. ಭಾಲ್ಕಿಯವರೂ ತಟ್ಟಿದರು, ಈ ಸಲ ಬಹಳ ಚೆನ್ನಾಗಿ ಬಿದ್ದ ಎಂದು. ಅಲ್ಲಿದ್ದ ಅಷ್ಟು ಜನರಲ್ಲಿ ಅದು ಆಟವಲ್ಲವೆಂದು ತಿಳಿದವರು ಇಬ್ಬರೇ, ಹೊಡೆದವನು ಮತ್ತು ಕಲಿಸಿದವನು. ಉಸ್ತಾದ ಓಡಿ ಹೋಗಿ ತಲೆ ಎತ್ತಿದ. ಕಿವಿಯಿಂದ ನೀರಿನಂಥ ರಕ್ತ ಅವನ ಅಂಗೈಗೆ ಇಳಿಯಿತು. ಕಣ್ಣು ತೆರೆದೇ ಇದ್ದವು, ಯಾರನ್ನೂ ನೋಡುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಕನ್ನಡ ವರ್ಗದ ಒಬ್ಬ ಹುಡುಗ ರಕ್ತ ನೋಡಿ, ಪಕ್ಕದಲ್ಲಿದ್ದ ಮರಾಠಿಯವನ ಬಾಯಿಗೆ ಲಾಠಿಯ ತುದಿ ತಿವಿದ. ಹನ್ನೊಂದು ಜನ ಹುಡುಗರು, ಹನ್ನೊಂದು ಲಾಠಿ, ಆರು ವಾರದ ಪಾಠ. ಒಬ್ಬನ ಹುಬ್ಬು ಹರಿದು ಕಣ್ಣಿನ ಮೇಲೆ ಜೋತುಬಿತ್ತು. ಒಬ್ಬ ಬಿದ್ದವನ ಪಕ್ಕೆಗೆ ಒನಕೆಯ ಹಾಗೆ ಕುಟ್ಟುತ್ತಿದ್ದ. ಕೆಳಗಿನಿಂದ ಕಲ್ಲು ಬರತೊಡಗಿದವು. ಉಸ್ತಾದ ಹಾವಗೆಪ್ಪನ ಲಾಠಿ ಎತ್ತಿಕೊಂಡು ಒಳಗೆ ನುಗ್ಗಿ, ತಾನು ಕಲಿಸಿದ ಮಣಿಕಟ್ಟುಗಳ ಮೇಲೆ ಒಂದೊಂದಾಗಿ ಹೊಡೆದ. ಎರಡು ಕೈ ಮುರಿದದ್ದು ಅವನ ಕೈಗೇ ತಿಳಿಯಿತು. ಲಾಠಿಗಳು ಉರುಳಿ ಬಿದ್ದವು. ಮುಗಿದಾಗ ಹುಡುಗರು ಹಲಗೆಯ ಮೇಲೆ ಕೂತು ಸಣ್ಣ ಮಕ್ಕಳ ಹಾಗೆ ಅಳುತ್ತಿದ್ದರು.

ಹಾವಗೆಪ್ಪ ಹನ್ನೆರಡೂವರೆಗೆ ದವಾಖಾನೆಯ ಕಟ್ಟೆಯ ಮೇಲೆ ತೀರಿಕೊಂಡ.

ಠಾಣೆಯಲ್ಲಿ ಜಮಾದಾರ ಕುತುಬೋದ್ದೀನ ಕಾಗದ ಹರವಿಕೊಂಡು ಕೂತಿದ್ದ. ನರಸಿಂಗ ಗೋಡೆಗೆ ಒರಗಿ, ಕೈ ಜಾರಿತು ಎಂದಷ್ಟೇ ಹೇಳುತ್ತಿದ್ದ. ಅವನ ಅಪ್ಪ, ಕಿರಾಣಿ ಅಂಗಡಿಯ ಪಂಢರಿ, ಕಂಡಕಂಡವರ ಕಾಲು ಮುಟ್ಟುತ್ತಿದ್ದ. ಮಾಸ್ತರ ಉಸ್ತಾದನನ್ನು ಮೂಲೆಗೆ ಕರೆದು, ಜಾರಿತು ಅಂತಲೇ ಹೇಳಿಬಿಡಿ, ಹೋದವನು ಹೋದ, ಇದ್ದವನ ಬಾಳು ಉಳಿಯಲಿ ಎಂದು ಕೈ ಮುಗಿದ. ಉಸ್ತಾದನ ಮನಸ್ಸೂ ಅತ್ತಲೇ ವಾಲಿತ್ತು. ಹದಿನೇಳು ವರ್ಷದ ಹುಡುಗ. ತಪ್ಪಿನಲ್ಲಿ ತನ್ನದೂ ಅರ್ಧವಿದೆ.

ಆಗ ಮಡೆಪ್ಪ ಒಳಗೆ ಬಂದ. ಅಕ್ಕನ ಮಗನ ಹೆಣ ಮುಟ್ಟಿ ಬಂದವನು, ಆದರೂ ಮುಖ ತೊಳೆದು, ತಲೆ ಬಾಚಿಕೊಂಡಿದ್ದ.

"ಹುಡುಗೂರ ಆಟರೀ, ಜಮಾದಾರ ಸಾಹೇಬ್ರ. ಕೈ ಜಾರ್ತದ," ಎಂದ. "ನಮಗ ಯಾರ ಮ್ಯಾಲೂ ದಾವಾ ಇಲ್ಲ. ಹಂಗಂತ ಬರಕೊಂಡು ಆ ಹುಡುಗನ್ನ ಮನಿಗಿ ಕಳಸ್ರಿ."

ಪಂಢರಿ ಅವನ ಕಾಲಿಗೆ ಬಿದ್ದ. ಎಂಥ ದೊಡ್ಡ ಮನಸ್ಸು ಎಂದು ಮಾಸ್ತರ ಅತ್ತ. ಜಮಾದಾರನಿಗೂ ಹಗುರಾಯಿತು. ಉಸ್ತಾದ ಮಾತ್ರ ಮಡೆಪ್ಪನ ಧೋತರ ನೋಡುತ್ತಿದ್ದ. ಹೆಣದ ಮನೆಯವರು ಧೋತರ ಇಳಿಬಿಟ್ಟಿರುತ್ತಾರೆ. ಇವನು ಕಚ್ಚೆ ಬಿಗಿದು, ಸೊಂಟಕ್ಕೆ ಪಂಚೆ ಸುತ್ತಿದ್ದ, ಅಖಾಡಕ್ಕೆ ಇಳಿಯುವವನ ಹಾಗೆ. ಉಸ್ತಾದ ಹೊರಗೆ ಹೋಗಿ, ಶಾಲೆಯ ಅಂಗಳದವರೆಗೆ ನಡೆದ. ಸ್ಟೇಜಿನ ಮೇಲೆ ಬಿಟ್ಟು ಬಂದಿದ್ದ ಲಾಠಿಗಳಲ್ಲಿ ಒಂದೂ ಇರಲಿಲ್ಲ. ಭಾಲ್ಕಿಯ ಹುಡುಗರೂ ಬಸ್ಸಿಗೆ ನಿಂತಿರಲಿಲ್ಲ. ಬಿಟ್ಟರೆ ನರಸಿಂಗ ಮನೆ ಮುಟ್ಟುವುದಿಲ್ಲ.

ಠಾಣೆಗೆ ತಿರುಗಿ ಬಂದಾಗ ಜಮಾದಾರ ಅವನ ಹೇಳಿಕೆ ಕೇಳಿದ.

"ಕೈ ಜಾರಿಲ್ಲ ಸಾಹೇಬ್ರ," ಎಂದ ಉಸ್ತಾದ. "ಅರ್ಧ ಹೆಜ್ಜಿ ಒಳಗ ಕಾಲ ಇಡಲ್ದ ಆ ಪೆಟ್ಟ ಅಲ್ಲಿ ಬೀಳಂಗಿಲ್ಲ. ಇಂವ ಇಟ್ಟಾನ. ನಾ ನೋಡೀನಿ. ಆ ಜಾಗ ತೋರಿಸ್ದಾಂವ ನಾನ. ಅದನ್ನೂ ಬರಕೋರಿ."

ಜಮಾದಾರ ಲೇಖಣಿ ಕೆಳಗಿಟ್ಟ. "ನಿಮ್ಮ ಮ್ಯಾಲೂ ಕೇಸ ಆಗ್ತದ, ಉಸ್ತಾದ."

"ಆಗ್ಲಿ. ಇವನ್ನ ಮಾತ್ರ ಬಿಡಬ್ಯಾಡ್ರಿ. ಇವತ್ತ ಬೀದರಕ್ಕ ಕಳಸ್ರಿ."

ಪಂಢರಿ ಎದ್ದು ಬಂದು ಅವನ ದವಡೆಗೆ ಗುದ್ದಿದ. ಎರಡನೆಯ ಸಲ ಗುದ್ದಿದಾಗಲೂ ಉಸ್ತಾದ ಕೈ ಎತ್ತಲಿಲ್ಲ. ಮಾಸ್ತರ ಮುಖ ತಿರುಗಿಸಿಕೊಂಡ. ಮಡೆಪ್ಪ ಒಬ್ಬನೇ ಹತ್ತಿರ ಬಂದು, ಯಾರಿಗೂ ಕೇಳದಂತೆ, "ಮುದಕಾ, ನಮ್ಮ ಕೆಲಸಾ ಕೆಡಿಸ್ದಿ," ಅಂದು ಹೊರಗೆ ಹೋದ.

ನಾಲ್ಕು ಗಂಟೆಗೆ ಬೀದರಿನಿಂದ ಪೊಲೀಸ್ ಲಾರಿ ಬಂತು. ನರಸಿಂಗನನ್ನೂ ಉಸ್ತಾದನನ್ನೂ ಹಿಂದೆ ಹತ್ತಿಸಿ, ಇಬ್ಬರು ಪೇದೆಗಳನ್ನು ಕೂರಿಸಿದರು. ಊರು ದಾಟಿ ಹಳ್ಳದ ತಿರುವಿಗೆ ಬರುತ್ತಲೇ ಎರಡೂ ಕಡೆಯ ತೊಗರಿ ಹೊಲದಿಂದ ಮಡೆಪ್ಪನ ಜನ ಎದ್ದರು. ಕಲ್ಲು ಬಡಿದು ಒಬ್ಬ ಪೇದೆಯ ಟೋಪಿ ಹಾರಿತು. ಲಾಠಿ ಹಿಡಿದ ನಾಲ್ವರು ಹಿಂಬದಿಯ ಹಲಗೆಗೆ ಜೋತುಬಿದ್ದು, ಸಿಕ್ಕಲ್ಲಿ ಬೀಸಿದರು. ಉಸ್ತಾದ ನರಸಿಂಗನ ಕತ್ತು ಹಿಡಿದು ನೆಲಕ್ಕೆ ಒತ್ತಿ ಮೇಲೆ ಬಿದ್ದ. ಬೆನ್ನಿಗೆ ಎರಡು, ಭುಜಕ್ಕೆ ಒಂದು. ಭುಜದ ಎಲುಬು ಒಳಗೆ ಕಟಕ್ಕೆಂದಿತು. ಕೆಳಗಿನಿಂದ ನರಸಿಂಗ ಅವನ ಮುಖ ಪರಚುತ್ತ, ನನ್ನ ನೇಣಿಗೆ ಕಳಿಸಿದ ಮುದುಕ ಎಂದು ಬಾಯಿಗೆ ಬಂದದ್ದೆಲ್ಲ ಬೈಯುತ್ತಿದ್ದ. ಪೇದೆ ಬಂದೂಕಿನ ಹಿಡಿಯಿಂದ ಹಲಗೆಯ ಮೇಲಿನ ಬೆರಳುಗಳನ್ನು ಜಜ್ಜಿದ. ಒಬ್ಬ ಕಿರುಚಿ ಬಿದ್ದ, ಉಳಿದವರೂ ಕೈ ಬಿಟ್ಟರು. ಡ್ರೈವರ ಲಾರಿ ನಿಲ್ಲಿಸಲಿಲ್ಲ.

ಸಂತಪುರ ದಾಟಿದ ಮೇಲೆ ಬೈಗುಳ ನಿಂತಿತು. ಉಸ್ತಾದ ಇನ್ನೂ ಅವನ ಮೇಲೆಯೇ ಇದ್ದ. ಒಂದು ಕೈ ಸತ್ತಂತಾಗಿತ್ತು.

"ಉಸ್ತಾದ್‌ರ," ಎಂದ ನರಸಿಂಗ ಕೆಳಗಿನಿಂದ. "ಹಾವಗ್ಯಾ ಖರೇನ ಸತ್ತಾನೇನ್ರಿ?"

"ಹೂಂ. ಸತ್ತಾನ."

ಹುಡುಗನ ಮೈ ನಡುಗತೊಡಗಿತು, ಜ್ವರ ಬಂದವರ ಹಾಗೆ, ಹಲ್ಲಿಗೆ ಹಲ್ಲು ತಾಗುವಷ್ಟು. ಪೇದೆ ಬಗ್ಗಿ ನೋಡಿ, ಕಲ್ಲು ನಿಂತಾವ, ಇನ್ನ ಮ್ಯಾಲ ಏಳ್ರಿ ಅಂದ. ಉಸ್ತಾದ ಏಳಲಿಲ್ಲ.