ಗೋಡೆಯ ರುಚಿ ನೋಡುವ ತೊರೆಮುರಾತ್ ಅಗಾ

ತೊರೆಮುರಾತ್ ಅಗಾ ಗೋಡೆಗಳ ರುಚಿ ನೋಡುತ್ತಿದ್ದರು. ಯಾವ ಕಟ್ಟಡಕ್ಕೆ ಕಾಲಿಟ್ಟರೂ, ಅದು ಆಸ್ಪತ್ರೆಯಾಗಲಿ, ಮದುವೆಮನೆಯಾಗಲಿ, ನೆಲದಿಂದ ಮೊಳದೆತ್ತರದಲ್ಲಿ ಗೋಡೆಗೆ ಹೆಬ್ಬೆರಳನ್ನೊತ್ತಿ, ಅದನ್ನು ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ಕ್ಷಣಕಾಲ ಧ್ಯಾನಸ್ಥರಾಗಿ, ಅನಂತರ ಆ ಮನೆಯ ಯಜಮಾನನಿಗೆ ಅವನ ಗೋಡೆಯ ಉಳಿದ ಆಯುಸ್ಸನ್ನು ತಿಳಿಸುತ್ತಿದ್ದರು. ನನ್ನ ತಮ್ಮನ ಮದುವೆಯಲ್ಲಿ, ಸೊಸೆಯ ಮುಸುಕು ಸರಿಸುವ ಹಾಡು ನಡೆಯುತ್ತಿರುವಾಗಲೇ, ನನ್ನ ತಾಯಿಯ ಕಿವಿಯ ಬಳಿ ಬಾಗಿ, "ಉಪ್ಪು ಮೊಣಕಾಲಿಗೆ ಬಂದಿದೆ ತಾಯಿ, ಇನ್ನು ಒಂಬತ್ತು ವರ್ಷ" ಎಂದರು. ಸೊಸೆಯ ವಿಷಯವೆಂದು ತಿಳಿದ ನನ್ನ ತಾಯಿ ಆ ದಿನ ಊಟ ಮಾಡಲಿಲ್ಲ.

ಎಪ್ಪತ್ನಾಲ್ಕರ ವಾಸ್ತುಶಿಲ್ಪಿ ಅವರು; ಹಿರಿಯರೆಂದು ಊರೆಲ್ಲ 'ಅಗಾ' ಎನ್ನುತ್ತಿತ್ತು. ಒಣಗಿದ ಮೈ, ವಿರಳವಾದ ಬಿಳಿಗಡ್ಡ, ಚಳಿಗಾಲ ಬೇಸಿಗೆಗಳೆಂಬ ಭೇದವರಿಯದ ಒಂದು ದಪ್ಪ ಕ್ಯಾನ್ವಾಸ್ ಕೋಟು, ಅದರ ಜೇಬುಗಳ ತುಂಬ ಇಟ್ಟಿಗೆಯ ಚೂರುಗಳು. ಅರಲ್ ಸಮುದ್ರ ಹಿಂದೆ ಸರಿದು ಬಿಟ್ಟುಹೋದ ತಳದ ಉಪ್ಪೆಲ್ಲ ಉತ್ತರದ ಗಾಳಿಯೊಡನೆ ನಮ್ಮೂರಿನ ಮೇಲೆ ಬೀಳುತ್ತದೆ, ನೆಲಕ್ಕಿಳಿದು ಗೋಡೆಗೇರಿ ಇಟ್ಟಿಗೆಯನ್ನು ತಿನ್ನುತ್ತದೆ. ಆ ಗಾಳಿಗೆ ಹೆಗಲುಕೊಟ್ಟು ಓರೆಯಾಗಿ ನಡೆದು ನಡೆದು, ಗಾಳಿಯ ಸುಳಿವಿಲ್ಲದ ಪಡಸಾಲೆಗಳಲ್ಲಿಯೂ ಅವರು ಓರೆಯಾಗಿಯೇ ನಡೆಯುತ್ತಿದ್ದರು. ಯಾರು ಏನು ಕೇಳಿದರೂ ಅವರದು ಒಂದೇ ಪ್ರತಿಪ್ರಶ್ನೆ: "ಸರಿ, ಗಾಳಿ ಎಲ್ಲಿಗೆ ಹೋಗ್ಬೇಕು?"

ನಮ್ಮ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗಕ್ಕೆ ಹೊಸ ಕಟ್ಟಡ ಮಂಜೂರಾದಾಗ ಅದರ ನಕ್ಷೆಗೆ ಇವರೇ ಬೇಕೆಂದು ಕೇಳಿದ ಮಹಾಪರಾಧ ನನ್ನದೇ. ಕೇಳಲು ಕಾರಣವಿತ್ತು. ಹದಿನಾಲ್ಕು ವರ್ಷ ನಾನು ಊರೂರು ಅಲೆದು ಸೋಸುಕಾಗದಗಳ ಮೇಲೆ ಈ ಗಾಳಿಯ ಧೂಳನ್ನು ಹಿಡಿದು ಮೊಹರು ಹಾಕಿಟ್ಟಿದ್ದೆ. ನಮ್ಮ ಮಕ್ಕಳ ಕೆಮ್ಮಿಗೆ ಇದೇ ಮೂಲವೆಂದು ಹೇಳಲು ನನಗೆ ನಂಬಲರ್ಹವಾದ ತೂಕ ಬೇಕಿತ್ತು. ಪ್ರಯೋಗಶಾಲೆಗಳಿಗೆ ಮಾನ್ಯತೆ ಕೊಡುವ ಪರೀಕ್ಷಕರ ನಿಯಮ ಸರಳವಾದದ್ದು: ಏನನ್ನೂ ಹಿಡಿಯದ ಒಂದು ಖಾಲಿ ಕಾಗದವನ್ನು ತೂಕದ ಕೋಣೆಯಲ್ಲಿ ಹತ್ತು ದಿನ ತೆರೆದಿಡಬೇಕು, ಹತ್ತನೆಯ ದಿನವೂ ಅದು ಮೊದಲಿನಷ್ಟೇ ತೂಗಿದರೆ ಪ್ರಯೋಗಶಾಲೆಗೆ ಮಾನ್ಯತೆ. ಹಳೆಯ ಕಟ್ಟಡದಲ್ಲಿ ನಮ್ಮ ಖಾಲಿ ಕಾಗದ ಎರಡು ಸಲವೂ ಉಪ್ಪು ಮೇದು ಕೊಬ್ಬಿತ್ತು. ಮೂರನೆಯ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ; ನನ್ನ ಹದಿನಾಲ್ಕು ವರ್ಷ ಕಸದ ಬುಟ್ಟಿಗೆ.

ಸಭೆಗಳು ಶುರುವಾದವು, ನನ್ನ ತಲೆನೋವೂ ಶುರುವಾಯಿತು. ಕುಲಪತಿ ಎಸೆಂಗೆಲ್ಡಿಯವರಿಗೆ ರಸ್ತೆಯ ಕಡೆ ಗಾಜಿನ ಮುಖ ಬೇಕಿತ್ತು.

"ಅಗಾ, ನಾನೇನು ಅರಮನೆ ಕೇಳಿದ್ನಾ? ಹೋಗೋ ಬರೋರ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂದೆ, ಅಷ್ಟೇ."

"ರಸ್ತೆ ಇರೋದು ಉತ್ತರಕ್ಕೆ. ರಸ್ತೆಗೆ ಮುಖ ಕೊಟ್ರೆ ಗಾಳಿಗೂ ಕೊಟ್ಟ ಹಾಗೇ."

ಕೊನೆಗೆ ರಸ್ತೆಯ ಕಡೆಗೆ ಎದ್ದದ್ದು ಕಿಟಕಿಯೊಂದೂ ಇಲ್ಲದ ಬೋಳುಗೋಡೆ; ಅದರ ಬುಡದಲ್ಲಿ, ಅಡಿಪಾಯಕ್ಕೂ ಇಟ್ಟಿಗೆಗೂ ನಡುವೆ, ಉಪ್ಪು ಮೇಲೇರದಂತೆ ಅಜ್ಜಂದಿರ ಕಾಲದ ಹಾಗೆ ಜೊಂಡಿನ ಹಾಸು. ಎಂಜಿನಿಯರುಗಳು ನಕ್ಕರು. ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಬೂಟಿನ ಕೋಣೆ. ಬಾಗಿಲು ದಾಟಿದೊಡನೆ, ಇತರ ಕಟ್ಟಡಗಳಲ್ಲಿ ಅಮೃತಶಿಲೆಯ ಹಜಾರವಿರುವಲ್ಲಿ, ಇವರು ಉದ್ದನೆಯ ಬೆಂಚುಗಳನ್ನೂ ನೂರಿಪ್ಪತ್ತು ಜೊತೆ ಉಣ್ಣೆಯ ಚಪ್ಪಲಿಗಳನ್ನೂ ಬರೆದಿದ್ದರು. ವಿದ್ಯಾರ್ಥಿಯಿರಲಿ, ಮಂತ್ರಿಯಿರಲಿ, ಬೂಟು ಅಲ್ಲಿಯೇ ಕಳಚಬೇಕು. ಮನೆಗಳಲ್ಲಿ ಹುಟ್ಟಿದಂದಿನಿಂದ ಮಾಡುವ ಕೆಲಸವೇ. ಆದರೆ ಸರ್ಕಾರಿ ಕಟ್ಟಡದಲ್ಲಿ, ಸೂಟು ತೊಟ್ಟು, ಚಪ್ಪಲಿಯಲ್ಲಿ? ಕುಲಪತಿಗಳು ಕೆಂಡವಾದರು. ಹಜಾರವಿಲ್ಲದಿದ್ದರೆ ಕಟ್ಟಡವೇ ಬೇಡ, ಆ ಜಾಗದಲ್ಲಿ ಕುಸ್ತಿಯ ಅಂಗಳವಾಗಲಿ ಎಂದರು. ನಾನು ಅಗಾರ ಮನೆಗೆ ಓಡಿದೆ.

"ಅಗಾ, ದಮ್ಮಯ್ಯ ಅಂತೀನಿ, ಅದನ್ನ ಒಂಚೂರು ಚಿಕ್ಕದು ಮಾಡಿ. ಆ ಜಾಗದಲ್ಲಿ ಒಂದು ತರಗತಿ ಆಗತ್ತೆ."

"ಆಗತ್ತೆ. ಅಲ್ಲಿ ಏನು ಪಾಠ ಮಾಡ್ತೀಯ?"

"ಧೂಳಿನ ಬಗ್ಗೆ."

"ಧೂಳನ್ನ ಒಳಗೆ ಕರ್ಕೊಂಡ್ಬಂದು ಕೂರ್ಸಿ, ಅದರ ಬಗ್ಗೇನೇ ಪಾಠ. ಒಳ್ಳೇದು. ಜೋಳದ ರೊಟ್ಟಿ ತಿನ್ನು ತಂಗಿ, ಆರೋಗತ್ತೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೊಡನೆ ವಾದಿಸುವುದಾದರೂ ಹೇಗೆ? ಹನ್ನೊಂದು ಸಭೆಗಳಾದವು. ಹನ್ನೊಂದರಲ್ಲಿಯೂ ಬೂಟಿನ ಕೋಣೆಯ ಮಾತು ಬಂದೊಡನೆ ಅಗಾ ಅದೇ ಮೃದುಸ್ವರದಲ್ಲಿ ಅದೇ ವಿವರಣೆಯನ್ನು ಅದೇ ಕ್ರಮದಲ್ಲಿ ಒಪ್ಪಿಸಿದರು. ಅವರು ಸಿಟ್ಟಾಗಿದ್ದರೆ ನಮಗೆಷ್ಟೋ ನೆಮ್ಮದಿಯಾಗುತ್ತಿತ್ತು. ಕೊನೆಗೆ ಕುಲಪತಿಗಳು ದಣಿದು ಸಹಿ ಹಾಕಿದರು, ಮೂರು ವರ್ಷದಲ್ಲಿ ಕಟ್ಟಡವೂ ಎದ್ದಿತು.

ಉದ್ಘಾಟನೆಯ ದಿನ ಬಂದದ್ದು ಖಾಲಿ ಕಾಗದ ತೆರೆದಿಟ್ಟ ಎಂಟನೆಯ ದಿನಕ್ಕೆ. ಎರಡು ದಿನ ಮುಂದೂಡಿ ಎಂದು ಬೇಡಿಕೊಂಡಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ರಾಜಧಾನಿಯಿಂದ ನಲವತ್ತರ ಹರೆಯದ ಅಧಿಕಾರಿಯೊಬ್ಬರು, ಅವರ ಹಿಂದೆ ಮೂವತ್ತು ಜನ, ಎಲ್ಲರ ಬೂಟುಗಳಲ್ಲೂ ಬೀದಿಯ ಬಿಳಿಯ ಉಪ್ಪು. ಅಧಿಕಾರಿ ಬೆಂಚು ಕಂಡು ತಾವಾಗಿಯೇ ಲೇಸಿಗೆ ಕೈಹಾಕಿದರು. ಆಗ ಕುಲಪತಿಗಳ ಬಾಯಿಂದ ಆ ಮಾತು ಬಂತು: "ಅಯ್ಯೋ ಬಿಡಿ, ತೆಗೀಬೇಡಿ, ಹಾಗೇ ಬನ್ನಿ."

ಮನೆಬಾಗಿಲಲ್ಲಿ ಹಾಗೆನ್ನುವುದು ನಮ್ಮಲ್ಲಿ ಆತಿಥೇಯನ ಧರ್ಮ. ಕೇಳಿಸದವನಂತೆ ಬೂಟು ತೆಗೆಯುವುದು ಅತಿಥಿಯ ಧರ್ಮ. ಯಾರೂ ಅದನ್ನು ನಿಜವೆಂದು ನಂಬುವುದಿಲ್ಲ. ಆದರೆ ಇದು ಮನೆಯಲ್ಲವಲ್ಲ. ಅಧಿಕಾರಿ ಅದನ್ನು ಕುಲಪತಿಯ ಅಪ್ಪಣೆಯೆಂದೇ ತಿಳಿದು, ವಂದನೆ ಹೇಳಿ, ಎದ್ದು ಒಳಬಾಗಿಲತ್ತ ತಿರುಗಿದರು. ಮೂವತ್ತು ಜನರೂ ಹಿಂದೆ. ಆ ಬಾಗಿಲಿನಿಂದ ತೂಕದ ಕೋಣೆಗೆ ಇಪ್ಪತ್ತು ಹೆಜ್ಜೆ. ಕುಲಪತಿಗಳ ಮಾತನ್ನು ಅತಿಥಿಯೆದುರು ಅಲ್ಲಗಳೆಯಲು ನನಗೆ ನಾಲಿಗೆ ಏಳಲಿಲ್ಲ.

ಮೂಲೆಯ ಬೆಂಚಿನಿಂದ ತೊರೆಮುರಾತ್ ಅಗಾ ಎದ್ದರು. ಓರೆಯಾಗಿ ನಡೆದುಬಂದು, ಅಧಿಕಾರಿಯ ಮುಂದೆ ಮಂಡಿಯೂರಿ, ಅವರ ಬೂಟಿನ ಲೇಸು ಬಿಚ್ಚತೊಡಗಿದರು.

ನಮ್ಮಲ್ಲಿ ಬಿಳಿಗಡ್ಡವೊಂದು ಕಿರಿಯನ ಪಾದಕ್ಕೆ ಬಗ್ಗಿದ್ದನ್ನು ಅಲ್ಲಿದ್ದ ಯಾರೂ ಕಂಡವರಲ್ಲ. ಅಧಿಕಾರಿಯ ಮುಖ ಬಿಳಿಚಿತು.

"ಅಗಾ, ಏಳಿ, ದಯವಿಟ್ಟು ಏಳಿ. ನಾನೇ ತೆಗೀತೀನಿ."

"ಗಂಟು ಬಿಗಿಯಾಗಿದೆ. ಕಾಲು ಅಲ್ಲಾಡಿಸ್ಬೇಡಪ್ಪ."

ಕುಲಪತಿಗಳು ಬೆಂಚಿನ ಮೇಲೆ ಕುಸಿದು ಕೂತು ತಮ್ಮ ಬೂಟುಗಳನ್ನು ಕಿತ್ತೆಳೆದರು. ಮೂವತ್ತು ಜನರೂ ತಲೆ ತಗ್ಗಿಸಿ ಹಾಗೆಯೇ ಮಾಡಿದರು. ಆ ಮೆರವಣಿಗೆ ಉಣ್ಣೆಯ ಚಪ್ಪಲಿಗಳಲ್ಲಿ ಸದ್ದಿಲ್ಲದೆ ಒಳಗೆ ಹೋಯಿತು; ಆಮೇಲಿನ ಭಾಷಣಗಳು ಯಾರ ಕಿವಿಗೂ ಬೀಳಲಿಲ್ಲ.

ನನಗೆ ವಿಪರೀತ ಸಿಟ್ಟು ಬಂದಿತ್ತು. ಎಲ್ಲರೂ ಹೋದ ಮೇಲೆ ಕೇಳಿದೆ: "ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅಗಾ? ಇಷ್ಟು ಅವಮಾನ ಬೇಕಿತ್ತಾ?"

"ಹನ್ನೊಂದು ಸಭೇಲಿ ಹೇಳಿದ್ದೆ," ಎಂದು ಮಂಡಿಯ ಧೂಳು ಕೊಡವಿಕೊಳ್ಳಲು ಹೊರಗೆ ಹೋದರು.

ಹತ್ತನೆಯ ದಿನ ಪರೀಕ್ಷಕರ ಎದುರು ಕಾಗದವನ್ನು ತೂಗಿದೆವು. ಮೊದಲ ದಿನದ ಅಂಕಿಯೇ ನಿಂತಿತು, ಕೂದಲೆಳೆಯಷ್ಟೂ ಏರಿರಲಿಲ್ಲ. ನಾನು ಅತ್ತೆ. ಅಗಾರಿಗೆ ಫೋನ್ ಮಾಡಿ ಹೇಳಿದರೆ "ಗೊತ್ತು" ಎಂದು ಇಟ್ಟುಬಿಟ್ಟರು. ಕುಲಪತಿಗಳು ಆಮೇಲೆ ಯಾವ ಸಮಾರಂಭಕ್ಕೂ ಅವರನ್ನು ಕರೆಯಲಿಲ್ಲ. ಕರೆಯಿರೆಂದು ನಾನೂ ಹೇಳಲಿಲ್ಲ.

ಊರಿಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ಸರಿಯಾದದ್ದನ್ನು ಒಂದೇ ಸ್ವರದಲ್ಲಿ ಹೇಳಿ ಹೇಳಿ ನಮ್ಮ ಸಹನೆಯನ್ನು ತೇಯುತ್ತಾರೆ. ಮಾತು ನಾಟದೆಂದು ಖಚಿತವಾದ ದಿನ ದನಿ ಏರಿಸುವ ಬದಲು ತಮ್ಮ ಬೆನ್ನನ್ನೇ ಬಗ್ಗಿಸಿಬಿಡುತ್ತಾರೆ. ನಾವು ನಾಚಿಕೆಗೆ ಹೆದರಿ ಮಾಡಬೇಕಾದ್ದನ್ನು ಮಾಡುತ್ತೇವೆ, ಅದರ ಫಲವನ್ನು ಬದುಕಿಡೀ ಉಣ್ಣುತ್ತೇವೆ, ಆದರೆ ನಮ್ಮನ್ನು ಹಾಗೆ ನಾಚಿಸಿದವರನ್ನು ಮಾತ್ರ ಕ್ಷಮಿಸುವುದಿಲ್ಲ. ನಾನಂತೂ ಇನ್ನೂ ಕ್ಷಮಿಸಿಲ್ಲ.